ಮನೆ ದುರಸ್ತಿ: ಮೇಸ್ತ್ರಿಯಿಂದ ಲೆಕ್ಕ ಪಡೆಯುವುದು ಹೇಗೆ?



ಸುಗ್ಗಿ ಮುಗಿದು ಕಣ ಬರಿದಾಯಿತೆಂದರೆ ನಮ್ಮ ಹಳ್ಳಿಗಳಲ್ಲಿ ಎರಡು ಮಾತು ಏಳುತ್ತವೆ. ಒಂದು ಮದುವೆಯದು, ಇನ್ನೊಂದು ಮನೆಯದು. ಮಳೆಗಾಲವೆಲ್ಲ ಸೋರುವ ಮಾಡಿನ ಕೆಳಗೆ ಪಾತ್ರೆ ಇಟ್ಟು ಕಾಲ ತಳ್ಳಿದವರು, ‘ಈ ಸಲ ಏನಾದರೂ ಆಗಲಿ, ಹೆಂಚು ಇಳಿಸಿ ರಿಪೇರಿ ಮಾಡಿಸಿಬಿಡೋಣ’ ಎನ್ನುತ್ತಾರೆ. ಕೈಯಲ್ಲಿ ನಾಲ್ಕು ಕಾಸೂ ಇರುತ್ತದೆ, ಮೈಗೆ ಬಿಡುವೂ ಇರುತ್ತದೆ. ಆದರೆ ಎಷ್ಟು ಖರ್ಚಾಗುತ್ತದೆಂದು ಹೇಳುವವರು ಮಾತ್ರ ಸಿಗುವುದಿಲ್ಲ. ಮೇಸ್ತ್ರಿಗೆ ಹೇಳಿಕಳಿಸಿದರೆ ‘ನಾಳೆ ಬರ್ತೀನಿ’ ಎನ್ನುತ್ತಾರೆ. ಆ ನಾಳೆ ಬರುವುದೇ ಇಲ್ಲ. ಬಂದರೂ ಮಾಡಿನ ಕಡೆಗೆ ಒಮ್ಮೆ ತಲೆಯೆತ್ತಿ ನೋಡಿ, ಎಲೆ ಅಡಿಕೆ ಹಾಕಿಕೊಂಡು, ‘ನಿಮ್ಮತ್ರ ಲೆಕ್ಕ ಏನಣ್ಣ, ಮಾಡೋಣ ಬಿಡಿ’ ಎಂದು ಎದ್ದು ಹೋಗುತ್ತಾರೆ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಹಳೆಯ ಮನೆಯನ್ನು ದುರಸ್ತಿ ಮಾಡಿಸಿ ನೋಡು ಎಂದೂ ಸೇರಿಸಬಹುದಾಗಿತ್ತು. ಹೊಸ ಮನೆಗೆ ಚದರಕ್ಕೆ ಇಷ್ಟು ಎಂದು ದರ ಹೇಳುವ ಮೇಸ್ತ್ರಿ, ಹಳೆಯ ಮನೆಯ ಮುಂದೆ ನಿಂತರೆ ಮಾತು ನುಂಗುತ್ತಾರೆ. ಹೀಗೇಕಾಗುತ್ತದೆ? ಲೆಕ್ಕ ಹೊರಡಿಸಲು ನಾವು ಏನು ಮಾಡಬೇಕು? ಇದನ್ನು ನಾನು ಪುಸ್ತಕ ಓದಿ ಕಲಿತವನಲ್ಲ, ಪೆಟ್ಟು ತಿಂದು ಕಲಿತವನು.

ನಮ್ಮ ಮನೆಯಲ್ಲಿ ಆದದ್ದು

ನಮ್ಮದು 30 ಅಡಿ ಉದ್ದ, 20 ಅಡಿ ಅಗಲದ ಮಣ್ಣು ಗೋಡೆಯ ಮನೆ. ಮಂಗಳೂರು ಹೆಂಚಿನ ಎರಡು ಇಳಿಜಾರಿನ ಮಾಡು. ಪಕಾಸುಗಳಿಗೆ ಗೆದ್ದಲು ಹತ್ತಿತ್ತು, ಪಡಸಾಲೆಯ ಮೇಲೆ ಮಾಡು ಬಾಗಿತ್ತು. ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬರುವವಳಿದ್ದಳು. ಮಳೆ ಹಿಡಿಯುವುದರೊಳಗೆ ಮಾಡು ಸರಿಯಾಗಬೇಕಿತ್ತು.

ನಾಲ್ವರು ಮೇಸ್ತ್ರಿಗಳನ್ನು ಕೇಳಿದೆ. ಒಬ್ಬರು ಬರಲೇ ಇಲ್ಲ. ಇನ್ನೊಬ್ಬರು ‘ಬಿಚ್ಚಿ ನೋಡದೆ ಬಾಯಿ ಬಿಡೋ ಹಾಗಿಲ್ಲ’ ಎಂದರು. ಮೂರನೆಯವರು ಅಳತೆಯನ್ನೂ ಹಿಡಿಯದೆ ಒಂದು ದೊಡ್ಡ ಮೊತ್ತ ಹೇಳಿ, ‘ಇಷ್ಟಾದ್ರೆ ಹೇಳಿ ಕಳ್ಸಿ’ ಎಂದರು. ನಾಲ್ಕನೆಯವರು ಹುಡುಗ ವಯಸ್ಸಿನವರು. ಮರ, ಹೆಂಚು ನಮ್ಮದು, ಕೂಲಿ ಚದರಕ್ಕೆ ಇಷ್ಟು ಎಂದರು. ದರ ಹಗುರವಾಗಿ ಕಂಡಿತು. 30ನ್ನು 20ರಿಂದ ಗುಣಿಸಿದರೆ 600 ಚದರಡಿ, ಅಂದರೆ 6 ಚದರ. ಮನಸ್ಸಿನಲ್ಲೇ ಲೆಕ್ಕ ಹಾಕಿ ಒಪ್ಪಿಕೊಂಡೆ. ಕಾಗದ ಮಾಡಲಿಲ್ಲ. ‘ನಂಬಿಕೆ ಮೇಲೆ ಲೋಕ’ ಎಂದುಕೊಂಡೆವು, ಇಬ್ಬರೂ.

ಅರ್ಧ ಮಾಡು ಇಳಿಸಿದ ಮೇಲೆ ಮೇಸ್ತ್ರಿ ಬಟವಾಡೆಗೆಂದು ಹಣ ಕೇಳಿದರು. ಅವರ ಲೆಕ್ಕದಲ್ಲಿ ಮಾಡು ಒಂಬತ್ತೂವರೆ ಚದರ! ನನಗೆ ಮೋಸವೆನಿಸಿತು, ಮಾತಿಗೆ ಮಾತು ಬೆಳೆಯಿತು. ಅವರು ಆಳುಗಳನ್ನು ಕರೆದುಕೊಂಡು ಹೊರಟೇಹೋದರು. ನಾಲ್ಕನೆಯ ದಿನ ರಾತ್ರಿ ಕೃತ್ತಿಕಾ ಮಳೆ ಹೊಡೆಯಿತು. ಟಾರ್ಪಾಲು ಗಾಳಿಗೆ ಹಾರಿತು. ಒಳಗಿದ್ದ 11 ಮೂಟೆ ಭತ್ತ ನೆನೆಯಿತು, ತೆರೆದಿದ್ದ ಕಡೆ ಗೋಡೆಯ ತಲೆ ಕರಗಿತು.

ಕಡೆಗೆ ಊರಿನ ನಿವೃತ್ತ ವರ್ಕ್ ಇನ್‌ಸ್ಪೆಕ್ಟರೊಬ್ಬರು ಹಗ್ಗ ಹಿಡಿದು ಮಾಡನ್ನು ಅಳೆದರು. ಗೋಡೆಯಿಂದ ಆಚೆಗೆ ನಾಲ್ಕೂ ಕಡೆ ಎರಡೆರಡು ಅಡಿ ಸೂರು ಚಾಚಿತ್ತು. ಆದ್ದರಿಂದ ಉದ್ದ 34 ಅಡಿ, ಅಗಲ 24 ಅಡಿ. ಮಾಡು ಇಳಿಜಾರಾದ್ದರಿಂದ ನೆತ್ತಿಯಿಂದ ಸೂರಿನ ತುದಿಯವರೆಗೆ 12 ಅಡಿಯಲ್ಲ, ಸುಮಾರು 14 ಅಡಿ. ಎರಡು ಮಗ್ಗುಲೂ ಸೇರಿ 950 ಚದರಡಿ. ಮೇಸ್ತ್ರಿ ಹೇಳಿದ ಅಳತೆ ಸರಿಯಾಗಿತ್ತು. ನಾನು ನೆಲವನ್ನು ಅಳೆದಿದ್ದೆ, ಅವರು ಮಾಡನ್ನು ಅಳೆದಿದ್ದರು. ಮೊದಲೇ ಹಗ್ಗ ಹಿಡಿದು ಮಾತಾಡಿದ್ದರೆ ಜಗಳವೇ ಇರಲಿಲ್ಲ. ಅವರ ಮನೆಗೆ ಹೋಗಿ ಕರೆತಂದೆ. ಕೆಲಸ ಮುಗಿಯಿತು. ಆದರೆ ಮಗಳ ಬಾಣಂತನ ನನ್ನ ತಮ್ಮನ ಮನೆಯಲ್ಲಿ ಆಯಿತು. ಆ ಮಾತು ಈಗಲೂ ನಮ್ಮ ಮನೆಯಾಕೆಯ ಬಾಯಲ್ಲಿ ಬರುತ್ತದೆ.

ಮೇಸ್ತ್ರಿ ಏಕೆ ಲೆಕ್ಕ ಕೊಡುವುದಿಲ್ಲ?

ಅವರ ಕಡೆಯಿಂದಲೂ ನೋಡಬೇಕು. ಮೊದಲನೆಯದಾಗಿ, ದುರಸ್ತಿ ಕೆಲಸದಲ್ಲಿ ಕಣ್ಣಿಗೆ ಕಾಣುವುದು ಅರ್ಧ ಮಾತ್ರ. ಹೆಂಚಿನ ಕೆಳಗೆ ಎಷ್ಟು ಪಕಾಸು ಟೊಳ್ಳಾಗಿದೆ, ಗಿಲಾವಿನ ಹಿಂದೆ ಗೋಡೆ ಎಷ್ಟು ಸಡಿಲವಾಗಿದೆ ಎಂಬುದು ಬಿಚ್ಚಿದ ಮೇಲೇ ತಿಳಿಯುವುದು. ಕಡಿಮೆ ಹೇಳಿದರೆ ಅವರಿಗೆ ನಷ್ಟ, ಹೆಚ್ಚು ಹೇಳಿದರೆ ಕೆಲಸ ಕೈತಪ್ಪುತ್ತದೆ. ಹಾಗಾಗಿ ಬಾಯಿ ಮುಚ್ಚಿಕೊಳ್ಳುವುದೇ ಕ್ಷೇಮ.

ಎರಡನೆಯದಾಗಿ, ಲೆಕ್ಕ ಹಾಕಲು ಅವರಿಗೆ ಒಂದು ಹೊತ್ತು ಹಾಳು. ಆ ದಿನದ ಕೂಲಿ ಯಾರು ಕೊಡುತ್ತಾರೆ? ನಾವೋ ಒಬ್ಬರು ಹೇಳಿದ ದರವನ್ನು ಹಿಡಿದು ಇನ್ನೊಬ್ಬರ ಬಳಿ ಚೌಕಾಸಿಗೆ ಹೋಗುತ್ತೇವೆ. ಎರಡು ಸಲ ಹೀಗಾದರೆ ಮೂರನೆಯ ಸಲ ಯಾವ ಮೇಸ್ತ್ರಿಯೂ ಲೆಕ್ಕ ಹಾಕಲು ಬರುವುದಿಲ್ಲ.

ಮೂರನೆಯದಾಗಿ, ಸಾಮಾನಿನ ಬೆಲೆ ನಿಲ್ಲುವುದಿಲ್ಲ. ಕಬ್ಬಿಣ, ಜಲ್ಲಿ, ಎಂ ಸ್ಯಾಂಡ್ ದರಗಳು ಏರಿಳಿಯುತ್ತಲೇ ಇರುತ್ತವೆ. ತೆರಿಗೆಯೂ ಬದಲಾಗುತ್ತದೆ. ಸಿಮೆಂಟಿನ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡ 28ರಿಂದ 18ಕ್ಕೆ ಇಳಿಯಿತು. ಅದಕ್ಕೆ ಹಿಂದೆ ಹಾಕಿಸಿದ ಲೆಕ್ಕ ನಿಮ್ಮಲ್ಲಿದ್ದರೆ ಅದು ಹಳೆಯ ಪಂಚಾಂಗ.

ನಾಲ್ಕನೆಯದು ಕಾಲ. ಎಲ್ಲರಿಗೂ ಸಂಕ್ರಾಂತಿಯಿಂದ ಮುಂಗಾರಿನ ನಡುವೆಯೇ ಗಾರೆಯವರು ಬೇಕು. ಕೆಲಸ ಬಲ್ಲ ಹುಡುಗರು ಬೆಂಗಳೂರು ಸೇರಿದ್ದಾರೆ. 2019ರ ಆಗಸ್ಟ್ ನೆರೆಯಲ್ಲಿ ಉತ್ತರ ಕರ್ನಾಟಕದಲ್ಲೂ ಮಲೆನಾಡಿನಲ್ಲೂ ಮನೆಗಳು ಬಿದ್ದಾಗ ಒಂದೇ ಕಾಲಕ್ಕೆ ಸಾವಿರಾರು ಕುಟುಂಬಗಳಿಗೆ ಕೆಲಸಗಾರರು ಬೇಕಾದರು. ಅಂಥ ಹೊತ್ತಿನಲ್ಲಿ ಒಂದು ಬಚ್ಚಲ ಗೋಡೆಯ ಕೆಲಸಕ್ಕೆ ಯಾರು ಬಂದಾರು?

ಯಾವಾಗ ಕರೆಯಬೇಕು?

ಸೋರುವುದನ್ನು ಸೋರುವಾಗಲೇ ತೋರಿಸಬೇಕು. ಆಷಾಢದಲ್ಲಿ ಹೊಸ ಮನೆಗೆ ಯಾರೂ ಕೈ ಹಾಕುವುದಿಲ್ಲ. ಮೇಸ್ತ್ರಿಗಳಿಗೆ ಆಗ ಬಿಡುವು ಹೆಚ್ಚು. ಆ ತಿಂಗಳಲ್ಲಿ ಕರೆದು ನೀರು ಎಲ್ಲಿ ಇಳಿಯುತ್ತದೆ, ಗೋಡೆ ಎಲ್ಲಿ ತೇವವಾಗಿದೆ ಎಂದು ತೋರಿಸಿ. ಮಳೆಯ ದಿನ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟರೆ ಇನ್ನೂ ಒಳ್ಳೆಯದು. ಕೆಲಸ ಸುಗ್ಗಿಯ ಮೇಲೆ ಆಗಲಿ. ಲೆಕ್ಕ ಮಾತ್ರ ಮಳೆಗಾಲದಲ್ಲೇ ನಿಮ್ಮ ಕೈ ಸೇರಲಿ. ಸಾಮಾನಿನ ಬೆಲೆಯನ್ನು ಕೆಲಸದ ಹೊತ್ತಿಗೆ ಮತ್ತೆ ನೋಡಿಕೊಂಡರಾಯಿತು.

ಕರೆದ ದಿನ ಬರಿಗೈಲಿ ಕಳಿಸಬೇಡಿ. ‘ನಿಮ್ಮ ಹೊತ್ತು ಹಾಳಾಗೋದು ಬೇಡ, ಅರ್ಧ ದಿನದ ಕೂಲಿ ತಗೊಳ್ಳಿ, ಲೆಕ್ಕ ಬರೆದುಕೊಡಿ’ ಎಂದು ಮೊದಲೇ ಹೇಳಿ. ಕೆಲಸ ಅವರಿಗೇ ಸಿಕ್ಕರೆ ಆ ಹಣ ಒಟ್ಟು ಲೆಕ್ಕದಲ್ಲಿ ಮುರಿದುಕೊಳ್ಳುವಂತೆ ಮಾತಾಡಿ. ಸಾವಿರಾರು ರೂಪಾಯಿಯ ಕೆಲಸಕ್ಕೆ ಇದು ದೊಡ್ಡ ಖರ್ಚಲ್ಲ. ನಾಳೆ ಎಂದವರು ಅಂದೇ ಬರುತ್ತಾರೆ.

ಮೊದಲು ನಿಮ್ಮ ಪಟ್ಟಿ

‘ಮನೆ ರಿಪೇರಿಗೆ ಎಷ್ಟಾಗುತ್ತೆ?’ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಪ್ರಶ್ನೆಯೇ ಬಿಡಿಬಿಡಿಯಾಗಿರಬೇಕು. ಮಕ್ಕಳ ನೋಟ್‌ಬುಕ್ಕಿನ ಒಂದು ಹಾಳೆ ತೆಗೆದುಕೊಳ್ಳಿ. ಕೆಲಸಗಳನ್ನು ಒಂದರ ಕೆಳಗೊಂದು ಹೀಗೆ ಬರೆಯಿರಿ:

1. ಮಾಡಿನ ಹೆಂಚು ಇಳಿಸಿ, ತೊಳೆದು, ಮತ್ತೆ ಹೊದಿಸುವುದು: ಒಂಬತ್ತೂವರೆ ಚದರ (ಮಾಡಿನ ಅಳತೆ).
2. ಹೊಸ ರೀಪು ಹೊಡೆಯುವುದು: ಅಡಿಗೆ ಇಷ್ಟು.
3. ಗೆದ್ದಲು ತಿಂದ ಪಕಾಸು ಬದಲಾಯಿಸುವುದು: ಒಂದಕ್ಕೆ ಇಷ್ಟು.
4. ಅಡುಗೆಮನೆ ಗೋಡೆಯ ಹಳೆಯ ಗಿಲಾವು ಕಿತ್ತು ಹೊಸದು ಮಾಡುವುದು: ಚದರಕ್ಕೆ ಇಷ್ಟು.
5. ಮಣ್ಣು, ಕಸ ಸಾಗಿಸುವುದು ಯಾರ ಪಾಲು?
6. ಏಣಿ, ಸಾರುವೆ, ನೀರು, ಕರೆಂಟು, ಊಟ, ಕಾಫಿ ಯಾರ ಪಾಲು?

ಮೂರನೆಯ ಸಾಲನ್ನು ಗಮನಿಸಿ. ಕಾಣದ ಕೆಲಸಕ್ಕೆ ಒಟ್ಟು ಮೊತ್ತ ಕೇಳಬಾರದು, ಒಂದಕ್ಕೆ ಇಷ್ಟು ಎಂಬ ದರ ಕೇಳಬೇಕು. ಆಗ ಮೇಸ್ತ್ರಿಗೂ ಭಯವಿಲ್ಲ, ನಿಮಗೂ ಮೋಸವಿಲ್ಲ. ಎಂಟು ಪಕಾಸು ಕೆಟ್ಟಿದ್ದರೆ ಎಂಟರ ಕೂಲಿ, ಹದಿನೆಂಟು ಕೆಟ್ಟಿದ್ದರೆ ಹದಿನೆಂಟರ ಕೂಲಿ. ಕೆಟ್ಟದ್ದನ್ನು ಇಬ್ಬರೂ ನಿಂತು ಎಣಿಸಿ ಸೀಮೆಸುಣ್ಣದಿಂದ ಗುರುತು ಮಾಡಬೇಕು. ಮುಂಚಿತವಾಗಿ ಒಂದು ಮೂಲೆಯ ಹೆಂಚು ಸರಿಸಿ, ಪಕಾಸಿನ ತುದಿಗೆ ಉಳಿಯಿಂದ ಚುಚ್ಚಿ ನೋಡಿದರೆ ಸುಮಾರು ಅಂದಾಜು ಸಿಕ್ಕುತ್ತದೆ. ಗೋಡೆಯ ಮೇಲೆ ಕುಳಿತ ತುದಿಗಳಲ್ಲೇ ಗೆದ್ದಲಿನ ಕಾಟ ಹೆಚ್ಚು.

ಈ ಹಾಳೆಯ ಮೂರು ಪ್ರತಿ ಮಾಡಿಸಿ ಮೂವರು ಮೇಸ್ತ್ರಿಗಳಿಗೆ ಕೊಡಿ. ಒಂದೇ ಪಟ್ಟಿಗೆ ಮೂವರು ದರ ತುಂಬಿದರೆ ಮಾತ್ರ ಹೋಲಿಸಲು ಬರುತ್ತದೆ. ಒಬ್ಬರು ಹೆಂಚು ಸೇರಿಸಿ ಹೇಳಿ, ಇನ್ನೊಬ್ಬರು ಬಿಟ್ಟು ಹೇಳಿದರೆ ಅದು ರಾಗಿಯನ್ನೂ ಜೋಳವನ್ನೂ ಒಂದೇ ಕೊಳಗದಲ್ಲಿ ಅಳೆದಂತೆ. ಒಬ್ಬರ ದರವನ್ನು ಇನ್ನೊಬ್ಬರಿಗೆ ತೋರಿಸಬೇಡಿ. ಯಾರಿಗೆ ಕೆಲಸ ಕೊಡುವುದಿಲ್ಲವೋ ಅವರಿಗೂ ಫೋನು ಮಾಡಿ ತಿಳಿಸಿ. ಮುಂದೆ ಕೊಟ್ಟಿಗೆಯ ಕೆಲಸಕ್ಕೆ ಅವರೇ ಬೇಕಾಗಬಹುದು.

ಅಳತೆಯ ಕೆಲವು ಗುಟ್ಟುಗಳು

ಒಂದು ಚದರವೆಂದರೆ 100 ಚದರಡಿ. ಮಾಡಿನ ಕೆಲಸಕ್ಕೆ ನೆಲದ ಚದರವೋ ಮಾಡಿನ ಚದರವೋ ಎಂದು ಮೊದಲೇ ಕೇಳಿ. ಮಂಗಳೂರು ಹೆಂಚು ಮಾಡಿನ ಒಂದು ಚದರಕ್ಕೆ 140ರಿಂದ 150 ಬೇಕಾಗುತ್ತದೆ. ಹಳೆಯ ಹೆಂಚಿನಲ್ಲಿ ಎಷ್ಟು ಉಳಿಯಿತೆಂದು ಎಣಿಸಿದ ಮೇಲೆ ಹೊಸದನ್ನು ತನ್ನಿ.

ಗಿಲಾವು ಅರ್ಧ ಅಂಗುಲ ದಪ್ಪಕ್ಕೆ, ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳಿನಂತೆ ಮಾಡಿದರೆ ಚದರಕ್ಕೆ ಸುಮಾರು ಒಂದು ಮೂಟೆ ಸಿಮೆಂಟು ಹಿಡಿಯುತ್ತದೆ. ಬಾಗಿಲು, ಕಿಟಕಿಯ ಜಾಗವನ್ನು ಲೆಕ್ಕದಲ್ಲಿ ಕಳೆಯುವರೇ ಎಂಬುದೂ ಜಗಳದ ಮೂಲ. ಗೋಡೆಯ ಎರಡೂ ಮುಖಕ್ಕೆ ಗಿಲಾವು ಮಾಡುವಾಗ ಸಾಧಾರಣ ಅಳತೆಯ ಬಾಗಿಲಿಗೆ ಒಂದು ಮುಖದ್ದನ್ನು ಮಾತ್ರ ಕಳೆಯುವುದು ಸರ್ಕಾರಿ ಕಾಮಗಾರಿಯ ಪದ್ಧತಿ. ಇನ್ನೊಂದು ಮುಖದ್ದು ಬಾಗಿಲ ಅಂಚಿನ ಕೆಲಸಕ್ಕೆ ಸರಿಹೋಗುತ್ತದೆ. ಇದೇ ನ್ಯಾಯವಾದ ದಾರಿ.

ಹಿತ್ತಲಲ್ಲಿ 12 ಅಡಿಗೆ 10 ಅಡಿಯ ಒಂದು ಕೋಣೆಗೆ 5 ಅಂಗುಲದ ತಾರಸಿ ಹಾಕಿಸುತ್ತೀರೆನ್ನಿ. ಕಾಂಕ್ರೀಟು 50 ಘನ ಅಡಿ. ಒಂದು ಪಾಲು ಸಿಮೆಂಟು, ಒಂದೂವರೆ ಮರಳು, ಮೂರು ಜಲ್ಲಿಯ ಮಿಶ್ರಣಕ್ಕೆ ಸುಮಾರು 12 ಮೂಟೆ ಸಿಮೆಂಟು, 21 ಘನ ಅಡಿ ಮರಳು, 42 ಘನ ಅಡಿ ಜಲ್ಲಿ ಬೇಕು. ಮೇಸ್ತ್ರಿ ಎಂಟೇ ಮೂಟೆ ಸಾಕೆಂದರೂ, ಇಪ್ಪತ್ತು ಬೇಕೆಂದರೂ ಏಕೆಂದು ಕೇಳಿ. ಕಂಬಿಯ ದಪ್ಪ, ಅಂತರವನ್ನು ಮಾತ್ರ ಎಂಜಿನಿಯರರಿಂದಲೇ ಬರೆಸಿಕೊಳ್ಳಬೇಕು, ಅದು ಅಂದಾಜಿನ ಮಾತಲ್ಲ. ಕಂಬಿ ಅಂಗಡಿಯಿಂದ ಬಂದಾಗ ತೂಕ ನೋಡಿ. 12 ಮೀಟರ್ ಉದ್ದದ ಒಂದು ಕಂಬಿ 8 ಮಿಲಿಮೀಟರಿನದಾದರೆ 4.7 ಕಿಲೋ, 10ರದ್ದು 7.4, 12ರದ್ದು 10.7 ಕಿಲೋ ಸುಮಾರಿಗೆ ತೂಗಬೇಕು.

ಮರಳನ್ನೂ ಜಲ್ಲಿಯನ್ನೂ ‘ಒಂದು ಲೋಡು’ ಎಂದು ಕೊಳ್ಳಬೇಡಿ. ಟ್ರೇಲರಿನ ಉದ್ದ, ಅಗಲ, ತುಂಬಿದ ಎತ್ತರ ಅಳೆದು ಗುಣಿಸಿ ಘನ ಅಡಿ ಲೆಕ್ಕ ಹಾಕಿ. ಉತ್ತರ ಕರ್ನಾಟಕದ ಕಡೆ ಬ್ರಾಸ್ ಎಂದರೆ 100 ಘನ ಅಡಿ.

ಕೂಲಿಯೋ ಗುತ್ತಿಗೆಯೋ?

ದಿನಗೂಲಿಯ ಮೇಲೆ ಮಾಡಿಸಿದರೆ ಕೆಲಸ ಅಚ್ಚುಕಟ್ಟಾಗುತ್ತದೆ, ಆದರೆ ಎಳೆಯುತ್ತದೆ. ನೀವು ಬೆಳಗಿನಿಂದ ಸಂಜೆಯವರೆಗೆ ಎದುರಿಗೆ ಇರಬೇಕು. ಏನಿದೆಯೆಂದು ಬಿಚ್ಚಿ ನೋಡದ ಹೊರತು ಗೊತ್ತಾಗದ ಸಣ್ಣ ಕೆಲಸಕ್ಕೆ ಇದೇ ಸರಿ. ಕೂಲಿ ಗುತ್ತಿಗೆ ಎಂದರೆ ಸಾಮಾನು ನಿಮ್ಮದು, ದುಡಿಮೆ ಅವರದು. ಅಳೆಯಲು ಬರುವ ಕೆಲಸಕ್ಕೆ ರೈತರಿಗೆ ಹೆಚ್ಚು ಒಗ್ಗುವುದು ಇದು. ಸಾಮಾನು ಸಹಿತ ಪೂರ್ತಿ ಗುತ್ತಿಗೆ ಕೊಟ್ಟರೆ ನಿಮಗೆ ಓಡಾಟ ತಪ್ಪುತ್ತದೆ. ಆದರೆ ಯಾವ ಸಿಮೆಂಟು, ಯಾವ ಮರ, ಎಷ್ಟು ದಪ್ಪ ಎಂದು ಬರೆಯದಿದ್ದರೆ ಉಳಿತಾಯವೆಲ್ಲ ನಿಮ್ಮ ಗೋಡೆಯಿಂದಲೇ ಆಗುತ್ತದೆ.

ಮೂರು ದರಗಳಲ್ಲಿ ಒಂದು ತೀರ ಕಡಿಮೆ ಇದ್ದರೆ ಹಿಗ್ಗಬೇಡಿ. ಏನನ್ನು ಬಿಟ್ಟಿದ್ದಾರೆಂದು ಹುಡುಕಿ. ಅವರು ಈ ಹಿಂದೆ ಮಾಡಿದ ಎರಡು ಮನೆಗಳನ್ನು ಮಳೆಗಾಲದಲ್ಲಿ ಹೋಗಿ ನೋಡಿ, ಮನೆಯವರನ್ನು ಕೇಳಿ. ‘ಕೆಲಸ ಚೆನ್ನಾಗಿದೆಯೇ?’ ಎಂಬುದಕ್ಕಿಂತ ‘ನಡುವೆ ಬಿಟ್ಟು ಹೋದರೇ?’ ಎಂದು ಕೇಳುವುದು ಮುಖ್ಯ.

ದರ ಸರಿಯೋ ತಪ್ಪೋ ತಿಳಿಯದಿದ್ದರೆ ಲೋಕೋಪಯೋಗಿ ಇಲಾಖೆಯ ದರಪಟ್ಟಿ ಒಂದು ಅಳತೆಗೋಲು. ಊರಿನ ದರ ಅದಕ್ಕಿಂತ ಹೆಚ್ಚು ಕಡಿಮೆ ಇರಬಹುದು. ಆದರೆ ಯಾವ ಕೆಲಸವನ್ನು ಯಾವ ಲೆಕ್ಕದಲ್ಲಿ ಅಳೆಯುತ್ತಾರೆಂಬುದು ಅದರಿಂದ ತಿಳಿಯುತ್ತದೆ. ಜಿಲ್ಲೆಯ ನಿರ್ಮಿತಿ ಕೇಂದ್ರದಲ್ಲೂ ಕಡಿಮೆ ಖರ್ಚಿನ ಕಟ್ಟಡ ಕೆಲಸದ ಬಗ್ಗೆ ವಿಚಾರಿಸಬಹುದು. ದುರಸ್ತಿಗೆ ಬ್ಯಾಂಕಿನ ಸಾಲ ಬೇಕಾದರೆ ಎಂಜಿನಿಯರರ ಸಹಿಯುಳ್ಳ ಅಂದಾಜು ಪಟ್ಟಿ ಕೇಳುವುದು ವಾಡಿಕೆ. ಅದಕ್ಕೆಂದು ಕೊಡುವ ಶುಲ್ಕ ವ್ಯರ್ಥವಲ್ಲ, ಅದೇ ಪಟ್ಟಿಯನ್ನು ಮೇಸ್ತ್ರಿಯ ಮುಂದೆಯೂ ಇಡಬಹುದು.

ಕಾಗದ ಮತ್ತು ಕಾಸು

ಲೆಕ್ಕ ಒಪ್ಪಿಗೆಯಾದ ಮೇಲೆ ಒಂದು ಕರಾರು ಪತ್ರ ಮಾಡಿಕೊಳ್ಳಿ. ಕೆಲಸಗಳ ಪಟ್ಟಿ, ಅಳತೆಯ ವಿಧಾನ, ದರ, ಶುರುವಿನ ದಿನ, ಮುಗಿಯುವ ದಿನ, ಹಣ ಕೊಡುವ ಕ್ರಮ ಇವಿಷ್ಟಿದ್ದರೆ ಸಾಕು. ಇಬ್ಬರ ಸಹಿ, ಇಬ್ಬರು ಸಾಕ್ಷಿಗಳ ಸಹಿ ಇರಲಿ. ಮೇಸ್ತ್ರಿ ನೆಂಟರೇ ಆಗಿದ್ದರೆ ಕಾಗದ ಇನ್ನೂ ಅಗತ್ಯ. ‘ನನ್ನನ್ನು ನಂಬೋದಿಲ್ವಾ ಮಾವ?’ ಎಂದರೆ, ‘ಮರೆವು ಇಬ್ಬರಿಗೂ ಇದೆಯಪ್ಪ’ ಎಂದು ಹೇಳಿ.

ಮುಂಗಡ ಹತ್ತರಲ್ಲಿ ಒಂದು ಪಾಲನ್ನು ಮೀರದಿರಲಿ. ಮುಂದಿನದು ಕೆಲಸ ನಡೆದಂತೆ: ಹೆಂಚು ಇಳಿಸಿ ಮರದ ಕೆಲಸ ಮುಗಿದಾಗ ಒಂದು ಕಂತು, ಹೊದಿಸಿದಾಗ ಒಂದು, ಗಿಲಾವು ಮುಗಿದಾಗ ಒಂದು. ಕೊಟ್ಟದ್ದನ್ನೆಲ್ಲ ಅದೇ ಕಾಗದದ ಹಿಂದೆ ತಾರೀಕು ಹಾಕಿ ಬರೆದು ಸಹಿ ಪಡೆಯಿರಿ. ಕಡೆಯ ಹತ್ತರಲ್ಲೊಂದು ಪಾಲನ್ನು ಒಂದು ಒಳ್ಳೆಯ ಮಳೆ ನೋಡಿದ ಮೇಲೆ ಕೊಡುವಂತೆ ಮೊದಲೇ ಒಪ್ಪಂದವಾಗಲಿ. ಆದರೆ ಕೊಡಬೇಕಾದ ದಿನ ಸತಾಯಿಸಬೇಡಿ. ಶನಿವಾರದ ಬಟವಾಡೆ ತಪ್ಪಿದರೆ ಸೋಮವಾರ ಆಳು ಬೇರೆ ಕಡೆ ಹೋಗುತ್ತಾನೆ. ತಪ್ಪು ಮೇಸ್ತ್ರಿಯದಲ್ಲ, ನಮ್ಮದು.

ನಡುವೆ ಹೊಸ ಕೆಲಸ ನೆನಪಾಗುವುದು ಸಹಜ. ‘ಹೇಗೂ ಇದ್ದೀರಲ್ಲ, ಈ ಒಲೆಕಟ್ಟೆಯನ್ನೂ ಮಾಡಿಬಿಡಿ’ ಎಂಬ ಒಂದು ಮಾತಿನಿಂದಲೇ ಎಷ್ಟೋ ಲೆಕ್ಕಗಳು ಹಳಿ ತಪ್ಪಿವೆ. ಹೊಸ ಕೆಲಸಕ್ಕೆ ಹೊಸ ದರ, ಅದೂ ಕಾಗದದ ಮೇಲೆ.

ಕೆಲಸ ಮುಗಿಸುವ ಆತುರದಲ್ಲಿ ಕಾಂಕ್ರೀಟನ್ನು ಕೆಡಿಸಬೇಡಿ. ತಾರಸಿಗೆ ಕಡಿಮೆಯೆಂದರೆ 7 ದಿನ, ಬೂದಿ ಬೆರೆತ ಪಿಪಿಸಿ ಸಿಮೆಂಟಾದರೆ 10 ದಿನ ನೀರು ನಿಲ್ಲಿಸಬೇಕು. ಸೆಂಟ್ರಿಂಗ್ ಕಂಬಗಳನ್ನು ನಾಲ್ಕೂವರೆ ಮೀಟರಿನೊಳಗಿನ ಅಗಲಕ್ಕೆ 7 ದಿನ, ಅದಕ್ಕೂ ಹೆಚ್ಚಿನದಕ್ಕೆ 14 ದಿನ ತೆಗೆಯಬಾರದು. ಸೆಂಟ್ರಿಂಗಿನ ಬಾಡಿಗೆ ಉಳಿಸಲು ಮೊದಲೇ ಬಿಚ್ಚುವವರಿದ್ದಾರೆ. ನೀರು ಹಾಕುವವರು ಯಾರೆಂಬುದನ್ನೂ ಕರಾರಿನಲ್ಲಿ ಬರೆಯಿರಿ.

ಹಣ ಪಡೆದು ಕೆಲಸ ಕೆಡಿಸಿದರೆ ಅಥವಾ ಅರ್ಧಕ್ಕೆ ಬಿಟ್ಟರೆ ಊರ ಹಿರಿಯರ ಮುಂದೆ ಬಗೆಹರಿಸಿಕೊಳ್ಳುವುದು ಮೊದಲ ದಾರಿ. ಅಲ್ಲಿ ಆಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಿದೆ. ಹಣ ಕೊಟ್ಟು ಪಡೆದ ಮನೆ ಕಟ್ಟುವ ಸೇವೆಯೂ ಅದರಲ್ಲಿ ಸೇರುತ್ತದೆ. ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬೇಕು. ಕೊಟ್ಟ ಹಣ 5 ಲಕ್ಷ ರೂಪಾಯಿಯವರೆಗಿದ್ದರೆ ದೂರಿಗೆ ಶುಲ್ಕವಿಲ್ಲ. ಸಲಹೆಗೆ 1915 ಸಂಖ್ಯೆಗೆ ಫೋನು ಮಾಡಬಹುದು. ಆದರೆ ಅಲ್ಲಿಯೂ ಮೊದಲು ಕೇಳುವುದು ಕಾಗದವನ್ನೇ.

ಕೊನೆಯ ಮಾತು

ಈಗಲೇ ಹೋಗಿ ನಿಮ್ಮ ಮನೆಯ ಮಾಡನ್ನು ಅಳೆಯಿರಿ. ನೆತ್ತಿಯಿಂದ ಸೂರಿನವರೆಗೆ ಹಗ್ಗ ಬಿಡಿ, ಉದ್ದಕ್ಕೂ ಹಿಡಿಯಿರಿ, ಬರೆದಿಡಿ. ಶಾಲೆಗೆ ಹೋಗುವ ಮಕ್ಕಳಿದ್ದರೆ ಅವರಿಂದಲೇ ಗುಣಾಕಾರ ಮಾಡಿಸಿ. ಮೇಸ್ತ್ರಿ ಬಂದಾಗ ಅಳತೆಯ ಹಾಳೆ ಅವರ ಕೈಗಿಟ್ಟು ನೋಡಿ, ಅವರು ಕೂರುವ ರೀತಿಯೇ ಬದಲಾಗುತ್ತದೆ. ಲೆಕ್ಕ ಕೇಳಿದರೆ ಸ್ನೇಹ ಕೆಡುತ್ತದೆಂದು ಹೆದರಬೇಕಾಗಿಲ್ಲ. ನಮ್ಮ ಮಾಡಿನ ಕೆಲಸ ಮಾಡಿದ ಅದೇ ಮೇಸ್ತ್ರಿ ಮರುವರ್ಷ ನಮ್ಮ ಕೊಟ್ಟಿಗೆಗೂ ಬಂದರು. ಬಂದವರು ಮೊದಲು ಕೇಳಿದ್ದು ಎಲೆ ಅಡಿಕೆಯನ್ನಲ್ಲ, ಹಗ್ಗವನ್ನು.